ಕಾಗೆಯ ತಲೆಯಲ್ಲಿ ನಿಯಮ ಎಲ್ಲಿರುತ್ತದೆ?

ಪ್ರಶ್ನೆ: ನಮ್ಮ ಮನೆಯ ಗ್ರಿಲ್ ಮೇಲೆ ದಿನಾ ಒಂದು ಕಾಗೆ ಬಂದು ಕೂರುತ್ತದೆ. ನಾನು ಚಪಾತಿ ಚೂರು ಹಾಕಿದರೆ ತಿನ್ನುತ್ತದೆ, ನಮ್ಮ ಯಜಮಾನರು ಬಂದರೆ ಹಾರಿಹೋಗುತ್ತದೆ. ಇದು ಬುದ್ಧಿಯೋ ಬರೀ ಅಭ್ಯಾಸವೋ? ಹಕ್ಕಿಗಳ ಮಿದುಳಲ್ಲಿ ನಮಗಿರುವಂಥ ಪದರಗಳ ಹೊರಭಾಗವೇ ಇಲ್ಲವಂತೆ. ಮತ್ತೆ ಯೋಚಿಸುವುದು ಎಲ್ಲಿಂದ?
– ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ಕಾಗೆ ಮಾಡುತ್ತಿರುವುದಕ್ಕೆ ನೆನಪಿನ ಶಕ್ತಿ ಸಾಕು. ಮುಖ ಗುರುತಿಡುವುದರಲ್ಲಿ ಕಾಗೆ ಗಟ್ಟಿಗ. ಬುದ್ಧಿ ಅನ್ನಬೇಕಾದರೆ ನಾನು ಇನ್ನೂ ಸ್ವಲ್ಪ ಜಾಸ್ತಿ ಕೇಳುತ್ತೇನೆ: ಒಂದು ನಿಯಮ ಹಿಡಿದು ಅದನ್ನು ಹೊಸ ವಸ್ತುವಿಗೂ ಬಳಸಬೇಕು. ಅದೂ ಕಾಗೆಗೆ ಬರುತ್ತದೆ.

2013ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಲೆನಾ ಫೈಟ್ ಮತ್ತು ಆಂಡ್ರಿಯಾಸ್ ನೀಡರ್ ಇದನ್ನು ತೋರಿಸಿದರು. ಕಾಗೆಯ ಮುಂದೆ ಟಚ್‌ಸ್ಕ್ರೀನ್, ಜೊತೆಗೆ ಅದರ ಮಿದುಳಿನ ನರಕೋಶಗಳ ಮಿಡಿತವನ್ನೂ ದಾಖಲಿಸುತ್ತಿದ್ದರು. ಮೊದಲು ಒಂದು ಚಿತ್ರ, ಆಮೇಲೆ ಒಂದು ಸೂಚನೆ: ಈ ಸಲ ಅದೇ ಚಿತ್ರವನ್ನು ಆರಿಸು, ಇಲ್ಲವೇ ಬೇರೆಯದನ್ನು ಆರಿಸು. ಸ್ವಲ್ಪ ಹೊತ್ತು ಕಾಯಬೇಕು. ಆಮೇಲೆ ಎರಡು ಚಿತ್ರ ಬಂದಾಗ ಸರಿಯಾದದ್ದನ್ನು ಕೊಕ್ಕಿನಿಂದ ಮುಟ್ಟಬೇಕು. ಇದರಲ್ಲೊಂದು ಜಾಣತನವಿದೆ. ಒಂದೇ ನಿಯಮಕ್ಕೆ ಒಮ್ಮೆ ಕಿವಿಗೆ ಕೇಳುವ ಸೂಚನೆ ಕೊಟ್ಟರು, ಇನ್ನೊಮ್ಮೆ ಕಣ್ಣಿಗೆ ಕಾಣುವ ಸೂಚನೆ ಕೊಟ್ಟರು, ಇಲ್ಲದಿದ್ದರೆ ಮಿದುಳಿನ ನರಕೋಶ ಮಿಡಿದದ್ದು ನಿಯಮಕ್ಕೋ ಸದ್ದಿಗೋ ಅಂತ ತಿಳಿಯುವುದಾದರೂ ಹೇಗೆ, ಅಲ್ವಾ?

ಕಾಯುವ ಆ ಹೊತ್ತಿನಲ್ಲೇ ಕೆಲವು ನರಕೋಶಗಳು ‘ಅದೇ’ ನಿಯಮಕ್ಕೆ, ಇನ್ನು ಕೆಲವು ‘ಬೇರೆ’ ನಿಯಮಕ್ಕೆ ಜೋರಾಗಿ ಮಿಡಿದವು. ಚಿತ್ರ ಯಾವುದಾದರೂ ಅಷ್ಟೇ, ಸೂಚನೆ ಹೇಗೆ ಬಂದರೂ ಅಷ್ಟೇ. ಆ ಮಿಡಿತ ನೋಡಿ, ಕಾಗೆ ಆರಿಸುವ ಮೊದಲೇ ಅದು ಯಾವ ನಿಯಮ ಪಾಲಿಸಲಿದೆ ಅಂತ ಊಹಿಸಬಹುದಾಗಿತ್ತು!

ಈ ನರಕೋಶಗಳಿರುವುದು ಮುಂಮಿದುಳಿನ ಹಿಂಭಾಗದಲ್ಲಿ, ನಿಡೋಪ್ಯಾಲಿಯಂ ಕಾಡೋಲ್ಯಾಟರೇಲ್ ಎಂಬ ಕಡೆ. ನಮಗೆ ಹಣೆಯ ಹಿಂದಿನ ಭಾಗ ಮಾಡಿಕೊಡುವ ಕೆಲಸವನ್ನೇ ಅದೂ ಮಾಡುತ್ತದೆ. ನಮ್ಮ ಮತ್ತು ಹಕ್ಕಿಗಳ ವಂಶ ಬೇರೆಯಾಗಿ 30 ಕೋಟಿ ವರ್ಷಕ್ಕೂ ಜಾಸ್ತಿ ಆಯಿತು. ಮುಂಬಯಿ ಲೋಕಲ್ ರೈಲಿನ ಸೆಂಟ್ರಲ್ ಲೈನಿನವರೂ ವೆಸ್ಟರ್ನ್ ಲೈನಿನವರೂ ಬೇರೆ ಬೇರೆ ಹಳಿ ಹಿಡಿದು ಕೊನೆಗೆ ದಾದರ್ ಸೇರುತ್ತಾರಲ್ಲ, ಹಾಗೆ. ಪದರವಿಲ್ಲ ಅಂದಮಾತ್ರಕ್ಕೆ ಯೋಚನೆ ಇಲ್ಲ ಅನ್ನುವುದು ಹಳೇ ಮಾತು.

ಮಿದುಳು ಚಿಕ್ಕದಲ್ಲವೇ ಅಂತ ಕೇಳಬಹುದು. ಚಿಕ್ಕದೇ. ಆದರೆ ಕಾಗೆ, ಗಿಳಿಗಳ ಮುಂಮಿದುಳಲ್ಲಿ ನರಕೋಶಗಳು ಬಹಳ ಒತ್ತಾಗಿ ತುಂಬಿಕೊಂಡಿರುತ್ತವೆ. ಅಂದಹಾಗೆ, ಪ್ರಯೋಗದಲ್ಲಿದ್ದದ್ದು ಯುರೋಪಿನ ಪೂರಾ ಕಪ್ಪು ಕಾಗೆ. ನಿಮ್ಮ ಗ್ರಿಲ್ ಮೇಲಿನ ಬೂದುಗತ್ತಿನ ಊರುಕಾಗೆ ಅದರ ದಾಯಾದಿ.