ಮನಸ್ಸಿನ ಹಾರಾಟಕ್ಕೂ ಸ್ಟಾಪ್‌ವಾಚ್ ಬೇಕು

ಪ್ರಶ್ನೆ: ಏರ್ ರೇಸ್‌ಗೆ ಮೊದಲು ಕಣ್ಣು ಮುಚ್ಚಿ ಇಡೀ ಟ್ರ್ಯಾಕ್ ಹಾರಿ ನೋಡುತ್ತೇನೆ. ಆಗ ಎಲ್ಲವೂ ಸಲೀಸು. ವಿಮಾನದಲ್ಲಿ ಕೂತಾಗ ಮಾತ್ರ ಗೇಟುಗಳು (ಪೈಲಾನ್ ಎಂಬ ಗಾಳಿ ತುಂಬಿದ ಎರಡು ಕಂಬಗಳ ನಡುವಿನ ದಾರಿ) ನನಗಿಂತ ಮೊದಲೇ ಬಂದುಬಿಡುತ್ತವೆ. ಒಂದು ಪೈಲಾನ್‌ಗೆ ರೆಕ್ಕೆ ತಾಗಿದರೆ ಮುಂದಿನ ಎರಡು ಗೇಟೂ ಕೆಡುತ್ತವೆ. ಏನು ಮಾಡಲಿ?

ಉತ್ತರ: ನಿಮ್ಮ ಮನಸ್ಸಿನ ವಿಮಾನ ನಿಧಾನವಾಗಿ ಹಾರುತ್ತಿರಬೇಕು. ಗಂಟೆಗೆ 370 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 103 ಮೀಟರ್. ಅರ್ಧ ಸೆಕೆಂಡ್ ತಡವಾದರೂ 50 ಮೀಟರ್ ಹೋಯಿತು. ಸ್ಟಾಪ್‌ವಾಚ್ ಒತ್ತಿ ಕಣ್ಣು ಮುಚ್ಚಿ, ಕೊನೆಯ ಗೇಟ್ ದಾಟಿದಾಗ ನಿಲ್ಲಿಸಿ, ಅಭ್ಯಾಸದ ಹಾರಾಟದ ಸಮಯದೊಂದಿಗೆ ಹೋಲಿಸಿ. 60 ಸೆಕೆಂಡಿನ ಟ್ರ್ಯಾಕಿಗೆ 75 ಹಿಡಿದರೆ ಕಷ್ಟದ ತಿರುವುಗಳಲ್ಲಿ ತಂಗುತ್ತಿದ್ದೀರಿ. 45 ಆದರೆ ನೇರ ಹಾದಿಗಳನ್ನು ನುಂಗುತ್ತಿದ್ದೀರಿ. ಕಾಕ್‌ಪಿಟ್ ವಿಡಿಯೊ ನೋಡಿ ಆ ತುಣುಕನ್ನಷ್ಟೇ ತಿದ್ದಿ. ವ್ಯತ್ಯಾಸ ಎರಡು ಸೆಕೆಂಡಿನೊಳಗೆ ಬಂದರೆ ಸಾಕು.

ಟ್ರ್ಯಾಕನ್ನು ಮೇಲಿನಿಂದ ನಕ್ಷೆಯಂತೆ ನೋಡಬೇಡಿ, ಸೀಟಿನಿಂದಲೇ ಕಾಣಬೇಕು. ಅಂಗೈಯನ್ನು ರೆಕ್ಕೆಯಾಗಿಸಿ, ನೆಲದ ಮೇಲೆ ನಡೆಯುತ್ತ, ಮೈಯನ್ನೂ ತಿರುಗಿಸುತ್ತ ಅಭ್ಯಾಸ ಮಾಡಿ. (ನೋಡುವವರು ನಗಬಹುದು, ನಗಲಿ.) ಗೇಟ್ ದಾಟುವ ಮೊದಲೇ ಕಣ್ಣು ಮುಂದಿನ ಗೇಟಿಗೆ ಹೋಗಬೇಕು. ದಿಟ್ಟಿಸಿದ ಪೈಲಾನಿನ ಕಡೆಗೇ ಕೈ ಎಳೆಯುತ್ತದೆ. ಪ್ರತಿ ಗೇಟಿಗೂ ಒಂದೇ ಪದ ಇಟ್ಟುಕೊಳ್ಳಿ: "ಮಟ್ಟ" (ರೆಕ್ಕೆ ಸಮ), "ಎಳಿ" (ಸ್ಟಿಕ್ ನಿಮ್ಮತ್ತ), "ಬಿಡು" (ಸ್ಟಿಕ್ ಸಡಿಲ). ಉದ್ದದ ಸೂಚನೆಗೆ ಅಲ್ಲಿ ಸಮಯವಿಲ್ಲ.

ಹೆಚ್ಚಿನವರು ಮರೆಯುವುದು ಉಸಿರು ಮತ್ತು ಮೈಯ ಬಿಗಿತ. ಜಿ (ತಿರುವಿನಲ್ಲಿ ಮೈಮೇಲೆ ಬೀಳುವ ಭಾರ; 1 ಜಿ ಎಂದರೆ ನಮ್ಮ ಸಹಜ ತೂಕ) ಏರುವ ಮೊದಲೇ ಕಾಲು, ಹೊಟ್ಟೆ ಬಿಗಿಯಾಗಬೇಕು. ಏರಿದ ಮೇಲೆ ಬಿಗಿದರೆ ಅಷ್ಟರಲ್ಲಿ ಕಣ್ಣು ಮಂಜಾಗಿರುತ್ತದೆ. ಹಾಗಾಗಿ ಕಲ್ಪನೆಯಲ್ಲೂ "ಬಿಗಿ, ಆಮೇಲೆ ಎಳಿ" ಎಂಬ ಕ್ರಮವೇ ಇರಲಿ. ನೆಲದ ಮೇಲೆ ಪೂರ್ತಿ ಬಲ ಹಾಕಬೇಡಿ, ಹಗುರಾಗಿ ಬಿಗಿದರೆ ಸಾಕು.

ಇನ್ನು ತಪ್ಪಿನ ಮಾತು. 2019ರಲ್ಲಿ ನಿಂತ ರೆಡ್ ಬುಲ್ ಏರ್ ರೇಸ್‌ನ ಕೊನೆಯ ವರ್ಷಗಳಲ್ಲಿ ಪೈಲಾನ್ ತಾಗಿದರೆ 3 ಸೆಕೆಂಡ್, ಗೇಟಿನಲ್ಲಿ ರೆಕ್ಕೆ ಮಟ್ಟವಿಲ್ಲದಿದ್ದರೆ 2 ಸೆಕೆಂಡ್ ದಂಡವಿತ್ತು. 12 ಜಿ ಮೀರಿದರೆ ಆ ಸುತ್ತೇ ಮುಗಿಯುತ್ತಿತ್ತು. ಕಳೆದ 3 ಸೆಕೆಂಡನ್ನು ಮುಂದಿನ ತಿರುವಿನಲ್ಲಿ ಜಗ್ಗಿ ವಸೂಲಿ ಮಾಡಲು ಹೋದವರು ಉಳಿದೆರಡು ಶಿಕ್ಷೆಗಳನ್ನೂ ಕೈಯಾರೆ ಕರೆಯುತ್ತಾರೆ. ಐದು ಬಾರಿ ಅಭ್ಯಾಸ ಮಾಡಿದರೆ ಒಂದರಲ್ಲಿ ಬೇಕೆಂದೇ ಪೈಲಾನ್ ತಾಗಿಸಿ, ಒಮ್ಮೆ ಉಸಿರು ಬಿಟ್ಟು, ಮುಂದಿನ ಗೇಟಿನ ಪದ ಹೇಳಿ, ಅದೇ ಗತಿಯಲ್ಲಿ ಮುಗಿಸಿ. ಇನ್ನೊಂದರಲ್ಲಿ ಎಂಜಿನ್ ತೊದಲಿದಂತೆ ಭಾವಿಸಿ, ರೆಕ್ಕೆ ಮಟ್ಟ ಮಾಡಿ, ಮೇಲೇರಿ ಟ್ರ್ಯಾಕ್ ಬಿಟ್ಟುಬಿಡಿ. ಎಲ್ಲಿ, ಯಾವ ಕಡೆಗೆ ಹೊರಬೀಳುವುದೆಂದು ನೆಲದಲ್ಲೇ ತೀರ್ಮಾನವಾಗಿರಬೇಕು.

ರೇಸ್ ದಿನ ಗಾಳಿಯ ದಿಕ್ಕು ತಿಳಿದ ಮೇಲೆ ಮೂರ್ನಾಲ್ಕು ಸುತ್ತು ಸಾಕು. ಸೀಟಿನಲ್ಲಿ ಬೆಲ್ಟ್ ಬಿಗಿದ ಮೇಲೆ ಮೊದಲ ಎರಡು ಗೇಟುಗಳನ್ನಷ್ಟೇ ನೆನೆಯಿರಿ.