ಗಾಳಿ ಎಲ್ಲ ಕಡೆ ಬೀಸುತ್ತದೆ, ಡೆನ್ಮಾರ್ಕ್ ಮಾತ್ರ ಯಾಕೆ ಮುಂದೆ?

ಪ್ರಶ್ನೆ: ಡೆನ್ಮಾರ್ಕ್ ಅಷ್ಟು ಚಿಕ್ಕ ದೇಶ. ಅರ್ಧಕ್ಕಿಂತ ಜಾಸ್ತಿ ಕರೆಂಟು ಗಾಳಿಯಿಂದಲೇ ಅಂತಾರೆ. ಬರೀ ಸಮುದ್ರ ಹತ್ತಿರ ಇದೆ ಅಂತಲಾ? ಗಾಳಿ ನಿಂತ ದಿನ ಏನು ಮಾಡ್ತಾರೆ?

ಉತ್ತರ: ಗಾಳಿ ಜಾಸ್ತಿ ಅನ್ನುವುದು ನಿಜ. ಇಡೀ ದೇಶದಲ್ಲಿ ಅತಿ ಎತ್ತರದ ಜಾಗವೇ ಸುಮಾರು 171 ಮೀಟರ್, ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ಆದರೆ ಅಂಥ ಗಾಳಿ ಬ್ರಿಟನ್ನಿಗೂ ಇತ್ತಲ್ವಾ?

ಡೆನ್ಮಾರ್ಕಿನವರು ಬೇಗ ಶುರು ಮಾಡಿದರು. 1891ರಲ್ಲೇ ಆಸ್ಕೋವ್ ಎಂಬಲ್ಲಿ ಪೋಲ್ ಲಾ ಕೂರ್ ಎಂಬ ಮೇಷ್ಟ್ರು ಗಾಳಿಯಂತ್ರದಿಂದ ಕರೆಂಟು ತೆಗೆದರು, ಅದನ್ನು ಕೂಡಿಡುವುದು ಹೇಗೆ ಎಂಬ ತಲೆನೋವಿಗೆ ನೀರನ್ನು ಒಡೆದು ಹೈಡ್ರೋಜನ್ ಮಾಡಿ ಅದರಲ್ಲಿ ಶಾಲೆಯ ದೀಪ ಉರಿಸಿದರು. ಅವರ ಶಿಷ್ಯ ಯೋಹಾನೆಸ್ ಯೂಲ್ 1957ರಲ್ಲಿ ಗೆಡ್ಸರ್‌ನಲ್ಲಿ ಮೂರು ರೆಕ್ಕೆಯ, 200 ಕಿಲೋವ್ಯಾಟಿನ ಯಂತ್ರ ನಿಲ್ಲಿಸಿದರು. ಹತ್ತು ವರ್ಷ ಚೆನ್ನಾಗಿಯೇ ಓಡಿತು. ಆದರೆ ಆಗ ತೈಲ ಅಗ್ಗ, ಯಾರಿಗೂ ಬೇಡವಾಯಿತು.

1973ರ ತೈಲ ಬಿಕ್ಕಟ್ಟು ಬಂತು. ಆಮದು ತೈಲವನ್ನೇ ನಂಬಿದ್ದ ದೇಶ, ಭಾನುವಾರ ಕಾರು ಓಡಿಸುವುದನ್ನೇ ನಿಲ್ಲಿಸಬೇಕಾಯಿತು. ಆಗ ಹಳೆಯ ಯಂತ್ರದ ನೆನಪಾಯಿತು. ಕ್ರಿಸ್ಟಿಯನ್ ರೀಸಾಗರ್ ಎಂಬ ಬಡಗಿ ತನ್ನ ಮನೆ ಹಿತ್ತಿಲಲ್ಲೇ ಒಂದನ್ನು ಮಾಡಿದ, ಟ್ವಿಂಡ್ ಶಾಲೆಯ ಮೇಷ್ಟ್ರುಗಳು ಮತ್ತು ವಿದ್ಯಾರ್ಥಿಗಳು ಸೇರಿ 1978ರಲ್ಲಿ ದೊಡ್ಡದೊಂದನ್ನು ಕಟ್ಟಿದರು, ವ್ಯವಸಾಯದ ಯಂತ್ರ ಮಾಡುತ್ತಿದ್ದ ವೆಸ್ಟಾಸ್ ಕಂಪನಿಯೂ ಇದಕ್ಕೆ ಇಳಿಯಿತು. ಟ್ವಿಂಡ್ ಬಿಟ್ಟರೆ ಹೆಚ್ಚಿನವು ಸಣ್ಣ ಯಂತ್ರಗಳು. ಕೆಟ್ಟರೆ ಬಿಚ್ಚಿ ರಿಪೇರಿ, ಮುಂದಿನದು ಸ್ವಲ್ಪ ದೊಡ್ಡದು. ಜರ್ಮನಿಯವರು ಒಮ್ಮೆಲೇ ಗ್ರೋವಿಯನ್ ಎಂಬ 3 ಮೆಗಾವ್ಯಾಟಿನ ದೈತ್ಯ ಯಂತ್ರಕ್ಕೆ ಕೈ ಹಾಕಿದರು, ಅದು ಓಡಿದ್ದಕ್ಕಿಂತ ನಿಂತಿದ್ದೇ ಜಾಸ್ತಿ.

ನನ್ನ ಪ್ರಕಾರ ನಿಜವಾದ ಗುಟ್ಟು ಇನ್ನೊಂದಿದೆ. ಆಗ ಎಷ್ಟೋ ಯಂತ್ರಗಳ ಮಾಲೀಕರು ಅಕ್ಕಪಕ್ಕದ ಮನೆಯವರೇ ಆಗಿದ್ದರು. ಊರಿನವರು ಸಂಘ ಕಟ್ಟಿ ಪಾಲು ಹಾಕಿ ಒಂದು ಯಂತ್ರ ಕೊಳ್ಳುತ್ತಿದ್ದರು. ಕೋಪನ್‌ಹೇಗನ್ ಎದುರಿನ ಸಮುದ್ರದಲ್ಲಿ 2000ದಲ್ಲಿ ಎದ್ದ ಮಿಡ್ಡೆಲ್‌ಗ್ರುಂಡೆನ್‌ನ 20 ಯಂತ್ರಗಳಲ್ಲಿ ಅರ್ಧ, 8,000ಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದು. ರೆಕ್ಕೆಯ ಸದ್ದು ಎಲ್ಲರಿಗೂ ಒಂದೇ, ಆದರೆ ಅದರಿಂದ ದುಡ್ಡು ಬರುತ್ತದೆ ಅಂದರೆ ಕಿವಿಗೆ ಅಷ್ಟು ಕಿರಿಕಿರಿ ಆಗುವುದಿಲ್ಲ!

ಗಾಳಿ ನಿಂತರೆ? ಪಕ್ಕದ ನಾರ್ವೆಯಲ್ಲಿ ಜಲಾಶಯಗಳಿವೆ. ಗಾಳಿ ಜೋರಾದಾಗ ಕರೆಂಟು ಕೇಬಲ್ಲಿನಲ್ಲಿ ಆ ಕಡೆ ಹೋಗುತ್ತದೆ, ಅವರು ನೀರು ಉಳಿಸಿಕೊಳ್ಳುತ್ತಾರೆ, ಗಾಳಿ ಬಿದ್ದಾಗ ಆ ನೀರಿನ ಕರೆಂಟು ಈ ಕಡೆ ಬರುತ್ತದೆ. ಸ್ವೀಡನ್, ಜರ್ಮನಿಗೂ ತಂತಿ ಇದೆ. ಒಂಟಿ ದ್ವೀಪವಾಗಿದ್ದರೆ ಇಷ್ಟು ಸುಲಭ ಇರುತ್ತಿರಲಿಲ್ಲ.

ಹಾಗಂತ ಈಗ ಎಲ್ಲ ಸಲೀಸು ಅಂದುಕೊಳ್ಳಬೇಡಿ. 2024ರಲ್ಲಿ ಉತ್ತರ ಸಮುದ್ರದಲ್ಲಿ 3 ಗಿಗಾವ್ಯಾಟಿನಷ್ಟು ಗಾಳಿಯಂತ್ರ ನಿಲ್ಲಿಸಲು ಸಬ್ಸಿಡಿ ಇಲ್ಲದ ಟೆಂಡರ್ ಕರೆದರು, ಡಿಸೆಂಬರಿನಲ್ಲಿ ಗಡುವು ಮುಗಿದಾಗ ಒಬ್ಬನೂ ಅರ್ಜಿ ಹಾಕಿರಲಿಲ್ಲ. ಮರುವರ್ಷ ಸಬ್ಸಿಡಿ ಕೊಡಲು ಸರ್ಕಾರ ಒಪ್ಪಲೇಬೇಕಾಯಿತು.