ಮೊದಲು ಮುಚ್ಚಳ ತೆಗೆಯಿರಿ

ಬೇಸಿಗೆ ಬಂತೆಂದರೆ ಮೀನು ಸಾಕುವ ಹತ್ತು ಮನೆಗಳಿಂದ ಒಂದೇ ಪ್ರಶ್ನೆ ಬರುತ್ತದೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಗೋಲ್ಡ್ ಫಿಶ್, ಕೋಯಿ ಸಾಕಿದ್ದೇವೆ. ನಲ್ಲಿ ನೀರನ್ನು ಎರಡು ದಿನ ಸಂಪಿನಲ್ಲಿಟ್ಟೇ ಹಾಕುತ್ತೇವೆ. ಆದರೂ ಮೀನು ಸಾಯುತ್ತಿವೆ. ನಮ್ಮತ್ತೆ ದೃಷ್ಟಿ ತಗುಲಿದೆ ಅನ್ನುತ್ತಾರೆ. (ಕುವೆಂಪುನಗರ, ಮೈಸೂರು)

ಉತ್ತರ: ದೃಷ್ಟಿಯಲ್ಲ, ಕ್ಲೋರಿನ್. ಸಂಪಿಗೆ ಮುಚ್ಚಳ ಇದೆ, ಒಳಗೆ ಕತ್ತಲೆ, ಗಾಳಿ ಆಡುವುದಿಲ್ಲ. ಕ್ಲೋರಿನ್ ಹೋಗಬೇಕಾದರೆ ಬಿಸಿಲು, ಗಾಳಿ, ನೀರಿನ ಅಲುಗಾಟ ಬೇಕು. ಮುಚ್ಚಿಟ್ಟರೆ ಅದು ಎಲ್ಲಿಗೆ ಹೋಗಬೇಕು ಹೇಳಿ? ಜೊತೆಗೆ ಸಂಪು ತೊಳೆಯುವಾಗ ಬ್ಲೀಚಿಂಗ್ ಪೌಡರ್ ಹಾಕಿದ್ದರಂತೂ ಮುಗಿಯಿತು.

ಕಾವೇರಿ ನೀರಿರಲಿ, ಕಬಿನಿ ನೀರಿರಲಿ, ನಲ್ಲಿಗೆ ಬರುವಾಗ ಅದರಲ್ಲಿ ಸ್ವಲ್ಪ ಕ್ಲೋರಿನ್ ಉಳಿದಿರಲೇಬೇಕು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ನಮಗೆ ಅದರಿಂದ ಒಳ್ಳೇದೇ. ಮೀನಿಗೆ ಅದರ ಹತ್ತನೇ ಒಂದು ಪಾಲೂ ಜಾಸ್ತಿ. ಕಿವಿರು ಹಾಳಾಗಿ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ. ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಅವು ಕರಗಿಸುತ್ತಿದ್ದ ಮೀನಿನ ಹೊಲಸಿನ ವಿಷ, ಅಂದರೆ ಅಮೋನಿಯಾ, ಏರುತ್ತದೆ. ನೀರು ಹಾಕಿದ ದಿನ ಚೆನ್ನಾಗಿದ್ದ ಮೀನು ಮೂರನೇ ದಿನ ಸತ್ತರೆ ಜನ ದೃಷ್ಟಿ ಅನ್ನುವುದು ಅದಕ್ಕೇ.

ಅಗಲ ಬಾಯಿಯ ಟಬ್ಬೋ ಡ್ರಮ್ಮೋ ತೆಗೆದುಕೊಂಡು ಬಿಸಿಲಿಗಿಡಿ. ಬೆಳಿಗ್ಗೆ ಸಂಜೆ ಬಕೆಟ್ಟಿನಿಂದ ಎತ್ತಿ ಎತ್ತಿ ಹೊಯ್ಯಿರಿ, ಇಲ್ಲವೇ ಗಾಳಿ ಪಂಪು ಬಿಡಿ. ಒಂದೆರಡು ದಿನ ಸಾಕು. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್ ಇದೆ. ಹಳೇ ಫೋಟೋ ಸ್ಟುಡಿಯೋದವರು ಹೈಪೋ ಅನ್ನುತ್ತಿದ್ದರಲ್ಲ, ಅದೇ. ನೋಡಲು ಕಲ್ಲುಸಕ್ಕರೆ ಚೂರಿನ ಹಾಗಿರುತ್ತದೆ. ಒಂದು ಪಾಲು ಕ್ಲೋರಿನ್ನಿಗೆ ಏಳು ಪಾಲು ಹೈಪೋ ಲೆಕ್ಕ. 200 ಲೀಟರ್ ಡ್ರಮ್ಮಿಗೆ 2 ಗ್ರಾಂ ಕರಗಿಸಿ ಕಲಕಿದರೆ ನಲ್ಲಿ ನೀರಿಗೆ ಸಾಮಾನ್ಯವಾಗಿ ಸಾಕು. ಆದರೆ ಡ್ರಮ್ಮಿನಲ್ಲೇ ಹಾಕಿ, ಮೀನಿರುವ ತೊಟ್ಟಿಗೆ ಚೆಲ್ಲಬೇಡಿ. ಆಮೇಲೆ ಕ್ಲೋರಿನ್ ನೋಡುವ ಕಿಟ್ಟಿನ ಹನಿ ಹಾಕಿ. ನೀರು ಹಳದಿಯಾದರೆ ಕ್ಲೋರಿನ್ ಇನ್ನೂ ಇದೆ. ಬಿಸಿಲಿಗಿಟ್ಟ ನೀರನ್ನೂ ನಾನು ಹೀಗೆ ನೋಡದೆ ಹಾಕುವುದಿಲ್ಲ. ಹೆದರುಪುಕ್ಕಲ ಅಂದರೂ ಸರಿ.

ಒಂದೇ ಸಲ ತೊಟ್ಟಿ ಬರಿದು ಮಾಡಬೇಡಿ, ಐದನೇ ಒಂದು ಭಾಗ ಬದಲಿಸಿ. ಅಡಿಗಳಲ್ಲಿ ಉದ್ದ, ಅಗಲ, ಆಳ ಗುಣಿಸಿ 28 ರಿಂದ ಗುಣಿಸಿದರೆ ಎಷ್ಟು ಲೀಟರ್ ಎಂದು ಸಿಗುತ್ತದೆ. 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳದ ತೊಟ್ಟಿಯಲ್ಲಿ ಸುಮಾರು 1,350 ಲೀಟರ್ ಇರುತ್ತದೆ. ಅಂದರೆ 270 ಲೀಟರ್ ಬದಲಿಸಿದರೆ ಸಾಕು. ನಲ್ಲಿಗೆ ಪೈಪ್ ಸಿಕ್ಕಿಸಿ ತೊಟ್ಟಿಗೆ ಬಿಟ್ಟು ಧಾರಾವಾಹಿ ನೋಡಲು ಹೋಗುವವರಿಗೆ ನನ್ನ ಬಳಿ ಔಷಧಿ ಇಲ್ಲ.

ಪ್ರಶ್ನೆ: ತಾಮ್ರದ ಹಂಡೆಯಲ್ಲಿಟ್ಟ ನೀರು ಮೀನಿಗೂ ಒಳ್ಳೆಯದಂತೆ, ಹೌದೇ? (ಸರಸ್ವತಿಪುರಂ, ಮೈಸೂರು)

ಉತ್ತರ: ತಾಮ್ರ ಮೀನಿಗೆ ವಿಷ. ಪ್ಲಾಸ್ಟಿಕ್ ಡ್ರಮ್ ಸಾಕು.

ಪ್ರಶ್ನೆ: ಪಟಿಕ ಆಡಿಸಿದರೆ ನೀರು ತಿಳಿಯಾಗುತ್ತದೆ. ಅಷ್ಟು ಸಾಲದೇ? ಅಂಗಡಿಯವರು ನೀಲಿ ಔಷಧಿಯನ್ನೂ ಕೊಟ್ಟಿದ್ದಾರೆ. (ಶ್ರೀರಂಗಪಟ್ಟಣ)

ಉತ್ತರ: ಕಣ್ಣಿಗೆ ತಿಳಿ ಕಂಡರೆ ಕ್ಲೋರಿನ್ ಹೋಗಿದೆ ಅಂತ ಯಾರು ಹೇಳಿದರು? ಪಟಿಕ ಮಣ್ಣನ್ನು ಕೆಳಗಿಳಿಸುತ್ತದೆ, ಅಷ್ಟೇ. ಜಾಸ್ತಿಯಾದರೆ ನೀರು ಹುಳಿಯಾಗುತ್ತದೆ. ಆ ನೀಲಿ ಔಷಧಿ ಮೆಥಿಲೀನ್ ಬ್ಲೂ, ಬೂಷ್ಟು ಹಿಡಿದ ಮೊಟ್ಟೆಗೆ ಹಾಕುವಂಥದ್ದು. ಕ್ಲೋರಿನ್ನಿಗೂ ಅದಕ್ಕೂ ಸಂಬಂಧವಿಲ್ಲ, ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಅದು ಕೆಟ್ಟದ್ದು. ಮೀನು ಮಾರುವ ಅಂಗಡಿಯವನೇ ಡಾಕ್ಟರೂ ಆದರೆ ಹೀಗೇ ಆಗುತ್ತದೆ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಚಿಂತೆ ಇಲ್ಲ ಅಲ್ವಾ? (ಮದ್ದೂರು)

ಉತ್ತರ: ಕ್ಲೋರಿನ್ ಚಿಂತೆ ಇಲ್ಲ. ಆದರೆ ಆಗಷ್ಟೇ ಮೇಲೆ ಬಂದ ಬೋರ್ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೇಲಿಂದ ಧಾರೆ ಬೀಳಿಸಿ, ಒಂದು ದಿನ ಬಿಟ್ಟು ಹಾಕಿ.

ಪ್ರಶ್ನೆ: ಸಾಕಲು ಆಗುತ್ತಿಲ್ಲ. ವಿ.ಸಿ. ನಾಲೆಗೆ ಬಿಟ್ಟುಬಿಡಲೇ? (ಮಂಡ್ಯ)

ಉತ್ತರ: ಖಂಡಿತ ಬೇಡ. ಕೋಯಿ ನಮ್ಮ ನೀರಿನ ಮೀನಲ್ಲ. ಸಾಕುವವರು ಯಾರಾದರೂ ಇದ್ದರೆ ಸುಮ್ನೆ ಕೊಟ್ಟುಬಿಡಿ.